ಕುರಕುಂಭದ ಗೇಟಿನಲ್ಲಿ ಬಿಟ್ಟ ಲೈಟರ್



ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಕೆಮಿಕಲ್ ಕಾರ್ಖಾನೆಗಳಿಗೆ ಕಂಟ್ರೋಲ್ ಸಿಸ್ಟಮ್ ಮಾಡಿಕೊಡುವ ಇಂಜಿನಿಯರ್. ಊರು ಇಂಡಿ ತಾಲೂಕು, ವಿಜಯಪುರ ಜಿಲ್ಲೆ. ಕೆಲಸ ಪುಣೆಯಲ್ಲಿ. 2005ರಲ್ಲಿ, ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಸಿಗರೇಟ್ ಹಿಡಿದೆ, 2019ರಲ್ಲಿ ಬಿಟ್ಟೆ. ನಡುವೆ ಹದಿನಾಲ್ಕು ವರ್ಷ. ಬಿಡೋದರಿಂದ ಏನೇನು ಲಾಭ ಅನ್ನೋ ಪಟ್ಟಿ ನನಗೆ ಆ ಹದಿನಾಲ್ಕು ವರ್ಷವೂ ಬಾಯಿಪಾಠ ಇತ್ತು. ಪ್ಯಾಕೆಟ್ ಮೇಲೆ ಚಿತ್ರ ಇತ್ತು, ಸಿನಿಮಾಕ್ಕೆ ಹೋದರೆ ಶುರುವಿನಲ್ಲೇ ತೋರಿಸ್ತಿದ್ದರು. ನಾವೆಲ್ಲ ಓದಿದವರು ಅಲ್ವಾ, ಗೊತ್ತಿಲ್ಲದ್ದು ಏನೂ ಇರಲಿಲ್ಲ. ಹಾಗಾಗಿ ಇವತ್ತು ಆ ಪಟ್ಟಿಯನ್ನೇ ಮತ್ತೆ ಓದಿ ಹೇಳೋಕೆ ಬಂದಿಲ್ಲ. ಅದರಲ್ಲಿ ಯಾವ ಸಾಲು ನನಗೆ ನಿಜವಾಗಿ ಕಂಡಿತು, ಎಲ್ಲಿ ಕಂಡಿತು ಅನ್ನೋದನ್ನ ಹೇಳ್ತೀನಿ. ಕಂಡಿದ್ದು ಕುರಕುಂಭದಲ್ಲಿ.

ಕುರಕುಂಭ ಅಂದ್ರೆ ನಿಮ್ಮಲ್ಲಿ ಸುಮಾರು ಜನಕ್ಕೆ ಹೆಸರು ಗೊತ್ತಿರಲಿಕ್ಕಿಲ್ಲ, ಆದರೆ ಎಲ್ಲರೂ ದಾಟಿ ಹೋಗಿದ್ದೀರಿ. ಪುಣೆಯಿಂದ ಸೋಲಾಪುರ ರಸ್ತೆ ಹಿಡಿದು ವಿಜಯಪುರಕ್ಕೋ ಕಲಬುರಗಿಗೋ ರಾತ್ರಿ ಬಸ್ಸಿನಲ್ಲಿ ಹೊರಟರೆ, ಪಾಟಸ್ ಟೋಲ್ ದಾಟಿದ ಮೇಲೆ ಬರುತ್ತೆ. ಪುಣೆಯಿಂದ ಹತ್ತಿರ ಹತ್ತಿರ 80 ಕಿಲೋಮೀಟರ್. ರೈಲಿನಲ್ಲಿ ಹೋಗೋರಿಗೆ ದೌಂಡ್ ಜಂಕ್ಷನ್ ಗೊತ್ತಲ್ಲ, ಅದೇ ತಾಲೂಕು. ಊರಲ್ಲಿ ಫಿರಂಗಾಯಿ ದೇವಿಯ ಗುಡಿ ಇದೆ. ಊರಾಚೆ ಎಂಐಡಿಸಿ: ಔಷಧಿ, ಸಾಲ್ವೆಂಟ್, ಬಣ್ಣಕ್ಕೆ ಬೇಕಾದ ರಾಸಾಯನಿಕ, ಹೀಗೆ ಒಂದಕ್ಕೊಂದು ಅಂಟಿಕೊಂಡ ಕಾರ್ಖಾನೆಗಳು. ಬಸ್ಸಿನ ಕಿಟಕಿ ತೆರೆದಿದ್ದರೆ ವಾಸನೆಯಿಂದಲೇ ಗೊತ್ತಾಗುತ್ತೆ. ನನಗೆ ಆಗ ಗೊತ್ತಾಗ್ತಿರಲಿಲ್ಲ. ಆ ವಿಷಯಕ್ಕೆ ಆಮೇಲೆ ಬರ್ತೀನಿ.

2018ರಲ್ಲಿ ಅಲ್ಲಿನ ಒಂದು ಪ್ಲಾಂಟಿನ ಕೆಲಸಕ್ಕೆ ಹಾಕಿದರು. ಮೊದಲ ದಿನ ಬೆಳಗ್ಗೆ ಎಂಟಕ್ಕೆ ಗೇಟಿಗೆ ಹೋದೆ. ಸೆಕ್ಯೂರಿಟಿಯವನು ಮೈಯೆಲ್ಲ ತಡವಿ ನೋಡಿದ. ಮೊಬೈಲ್ ತೆಗೆದುಕೊಂಡ, ಸಿಗರೇಟ್ ಪ್ಯಾಕೆಟ್ ತೆಗೆದುಕೊಂಡ, ಲೈಟರ್ ತೆಗೆದುಕೊಂಡ. ಗೋಡೆಯಲ್ಲಿ ಚಿಕ್ಕ ಚಿಕ್ಕ ಖಾನೆ ಇದ್ದವು, ಒಂದರಲ್ಲಿ ಎಲ್ಲ ಇಟ್ಟು ಕೈಗೆ ಒಂದು ಹಿತ್ತಾಳೆ ಬಿಲ್ಲೆ ಕೊಟ್ಟ. ಸಂಜೆ ಆರಕ್ಕೆ ವಾಪಸ್. ನಡುವೆ ಹೊರಗೆ ಬರಬೇಕಂದ್ರೆ ಗೇಟ್‌ಪಾಸ್, ಅದಕ್ಕೆ ಇಬ್ಬರ ಸಹಿ. ಸಾಲ್ವೆಂಟ್ ಇರುವ ಜಾಗ. ಒಂದು ಕಿಡಿ ಬಿದ್ದರೆ ಏನಾಗುತ್ತೆ ಅಂತ ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಹಿಂಜವಡಿ ಆಫೀಸಿನಲ್ಲಿ ನಾನು ಒಂದೂವರೆ ಗಂಟೆಗೊಮ್ಮೆ ಕೆಳಗೆ ಇಳಿಯೋನು. ಹತ್ತು ಗಂಟೆ ಸಿಗರೇಟ್ ಇಲ್ಲದೆ ಇರೋದು ನಿದ್ದೆಯಲ್ಲಿ ಬಿಟ್ಟರೆ ಎಂದೂ ಆಗಿರಲಿಲ್ಲ. ಮೊದಲ ದಿನ ತಲೆ ಸಿಡೀತು, ಎರಡನೇ ದಿನ ಸುಮ್ಮಸುಮ್ಮನೆ ಒಬ್ಬ ಹುಡುಗನ ಮೇಲೆ ರೇಗಿದೆ. ಮೂರನೇ ದಿನಕ್ಕೆ ಒಂದು ವಿಚಿತ್ರ ಗಮನಕ್ಕೆ ಬಂತು. ಬೆಳಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ನನಗೆ ಸಿಗರೇಟ್ ನೆನಪೇ ಆಗಿರಲಿಲ್ಲ. ಆರಕ್ಕೆ ಕೈ ತೊಳೆದು, ಹೆಲ್ಮೆಟ್ ತೆಗೆದು, ಗೇಟಿನ ಕಡೆ ನಡೆಯೋಕೆ ಶುರು ಮಾಡಿದ ಕೂಡಲೇ ಬಾಯಲ್ಲಿ ನೀರು! ಆ ಖಾನೆಗಳು ಕಣ್ಣಿಗೆ ಬೀಳುವಷ್ಟರಲ್ಲಿ ಕೈ ನಡುಗುತ್ತಿತ್ತು. ನಿಕೋಟಿನ್ ಲೆಕ್ಕದ ಪ್ರಕಾರ ಇದು ತಾಳೆ ಆಗಲ್ಲ. ರಕ್ತದಲ್ಲಿರುವ ನಿಕೋಟಿನ್ ಸುಮಾರು ಎರಡು ಗಂಟೆಗೆ ಅರ್ಧ ಆಗುತ್ತೆ. ಹಾಗಿದ್ದಮೇಲೆ ಮಧ್ಯಾಹ್ನ ಮೂರಕ್ಕೇ ನಾನು ಒದ್ದಾಡಬೇಕಿತ್ತು. ಮೂರಕ್ಕೆ ನಾನು ಆರಾಮಾಗಿ ಲೂಪ್ ಟೆಸ್ಟ್ ಮಾಡ್ತಿದ್ದೆ.

ಇದನ್ನೇ ಇಸ್ರೇಲಿನ ಕೆಲವು ಸಂಶೋಧಕರು ವಿಮಾನದಲ್ಲಿ ನೋಡಿದ್ದಾರೆ ಅಂತ ನನಗೆ ಆಮೇಲೆ ಗೊತ್ತಾಯಿತು. 2010ರ ಅಧ್ಯಯನ. ಸಿಗರೇಟ್ ಸೇದುವ ವಿಮಾನ ಸಿಬ್ಬಂದಿಯನ್ನ ಎರಡು ಥರದ ಹಾರಾಟದಲ್ಲಿ ಕೇಳಿದರು, ಕೆಲವೇ ಗಂಟೆಗಳದ್ದು ಒಂದು, ಹತ್ತು ಗಂಟೆಗೂ ಮೀರಿದ್ದು ಇನ್ನೊಂದು. ಚಿಕ್ಕ ಹಾರಾಟದಲ್ಲಿ ವಿಮಾನ ಇಳಿಯುವ ಹೊತ್ತಿಗೆ ಚಡಪಡಿಕೆ ಏರುತ್ತಿತ್ತು. ದೊಡ್ಡ ಹಾರಾಟದಲ್ಲಿ ಅಷ್ಟೇ ಗಂಟೆ ಕಳೆದಿದ್ದರೂ ಅಷ್ಟು ಚಡಪಡಿಕೆ ಇಲ್ಲ, ಯಾಕಂದ್ರೆ ಇಳಿಯೋದು ಇನ್ನೂ ದೂರ. ಅಲ್ಲೂ ಇಳಿಯುವ ಹೊತ್ತು ಹತ್ತಿರ ಬಂದಾಗಲೇ ಏರೋದು. ಅಂದ್ರೆ ಎಷ್ಟು ಹೊತ್ತಿನಿಂದ ಸೇದಿಲ್ಲ ಅನ್ನೋದಕ್ಕಿಂತ, ಇನ್ನೆಷ್ಟು ಹೊತ್ತಿಗೆ ಸೇದಬಹುದು ಅನ್ನೋದು ಮನಸ್ಸನ್ನ ಹೆಚ್ಚು ಕುಣಿಸುತ್ತೆ. ಹಾಗಂತ ದೇಹದ ಪಾಲು ಏನೂ ಇಲ್ಲ ಅಂತಲ್ಲ, ನನ್ನ ಮೊದಲೆರಡು ದಿನದ ತಲೆನೋವು ದೇಹದ್ದೇ. ಆದರೆ "ನನ್ನ ಕೈಲಿ ಒಂದು ದಿನವೂ ಆಗಲ್ಲ" ಅಂತ ಹದಿಮೂರು ವರ್ಷ ಹೇಳಿಕೊಂಡು ಬಂದೋನು ವಾರಕ್ಕೆ ಐದು ದಿನ, ದಿನಕ್ಕೆ ಹತ್ತು ಗಂಟೆ ಯಾರ ಗಮನಕ್ಕೂ ಬಾರದ ಹಾಗೆ ಬಿಟ್ಟಿದ್ದೆ. ನನ್ನ ಗಮನಕ್ಕೂ ಬಂದಿರಲಿಲ್ಲ.

ಎರಡನೆಯದು ಮೀಟರ್ ಕಥೆ. ಪ್ಲಾಂಟಿನಲ್ಲಿ ಯಾರಾದರೂ ದೊಡ್ಡ ಟ್ಯಾಂಕಿನ ಒಳಗೆ ಇಳಿಯೋ ಮುಂಚೆ ಒಳಗಿನ ಗಾಳಿ ಪರೀಕ್ಷೆ ಮಾಡ್ತಾರೆ. ಅಂಗೈಯಷ್ಟು ದೊಡ್ಡ ಮೀಟರ್, ನಾಲ್ಕು ಅಂಕಿ ತೋರಿಸುತ್ತೆ: ಆಮ್ಲಜನಕ, ಉರಿಯುವ ಅನಿಲ, ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಮೋನಾಕ್ಸೈಡ್. ನಮ್ಮ ಸೈಟಿನಲ್ಲಿ ಕಾರ್ಬನ್ ಮೋನಾಕ್ಸೈಡ್ 25 ಪಿಪಿಎಂ ದಾಟಿದರೆ ಕಿರುಚುವ ಹಾಗೆ ಇಟ್ಟಿದ್ದರು. ಕಿರುಚಿದರೆ ಎಲ್ಲರೂ ಹೊರಗೆ, ಮಾತೇ ಇಲ್ಲ. ಒಂದು ಸೋಮವಾರ, ಗೇಟಿನ ಹೊರಗೆ ಬೆನ್ನಿಗೆ ಬೆನ್ನು ಎರಡು ಸಿಗರೇಟ್ ಸೇದಿ ಒಳಗೆ ಬಂದಿದ್ದೆ. ಸೇಫ್ಟಿ ಹುಡುಗ, ಮರಾಠಿಯವನು, ಮೀಟರನ್ನ ನನ್ನ ಮುಖದ ಹತ್ತಿರ ಹಿಡಿದು "ಊದಿ ಸರ್" ಅಂದ. ಹಾಗೆ ಮಾಡಬಾರದು, ಬಾಯಿಯ ತೇವಕ್ಕೆ ಸೆನ್ಸರ್ ಹಾಳಾಗುತ್ತೆ, ಆದರೆ ಅವನಿಗೆ ತಮಾಷೆ. ಊದಿದೆ. 22 ತೋರಿಸ್ತು. ಅವನು ಊದಿದ, 2.

"ಇನ್ನೊಂದು ಸಿಗರೇಟ್ ಸೇದಿದ್ರೆ ಪ್ಲಾಂಟ್ ಖಾಲಿ ಮಾಡಿಸ್ತಿದ್ರಿ" ಅಂದ. (ನಗು)

ನಾನೂ ನಕ್ಕೆ. ಆದರೆ ಆ ಅಂಕಿ ತಲೆಯಿಂದ ಹೋಗಲಿಲ್ಲ. ನಾವು ಅಂಕಿ ನೋಡಿ ಬದುಕುವ ಜನ. ಕಾರ್ಬನ್ ಮೋನಾಕ್ಸೈಡ್ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತೆ, ಅದಕ್ಕೇ ನಮಗೆ ಆ ಅಲಾರಂ. ಯಾವ ಅನಿಲಕ್ಕೆ ಹೆದರಿ ನಾವು ಓಡ್ತೀವೋ ಅದನ್ನೇ ನಾನು ಪ್ಯಾಕೆಟ್ಟಿಗೆ ದುಡ್ಡು ಕೊಟ್ಟು ತರ್ತಿದ್ದೆ. ಬಿಡೋದರ ಲಾಭದಲ್ಲಿ ಮೊದಲು ಕೈಗೆ ಸಿಗೋದು ಇದೇ. ಕೊನೆಯ ಸಿಗರೇಟ್ ಆದಮೇಲೆ ನಾಲ್ಕೈದು ಗಂಟೆಗೊಮ್ಮೆ ಈ ಅನಿಲ ಅರ್ಧ ಅರ್ಧ ಇಳಿಯುತ್ತೆ, ಒಂದು ದಿನದೊಳಗೆ ಸೇದದವರ ಮಟ್ಟಕ್ಕೆ ಬರುತ್ತೆ. ನಾನು ಆಮೇಲೆ ಬಿಟ್ಟಾಗ ಎರಡನೇ ದಿನ ಬೆಳಗ್ಗೆ ಆ ಹುಡುಗನನ್ನ ಹುಡುಕಿಕೊಂಡು ಹೋಗಿ ಊದಿದೆ. 3. ಹದಿನಾಲ್ಕು ವರ್ಷದ ಚಟ, ಎರಡು ದಿನಕ್ಕೆ 22ರಿಂದ 3. ಇಷ್ಟು ಬೇಗ ಫಲಿತಾಂಶ ಕೊಡೋ ಕೆಲಸ ನಮ್ಮ ಫೀಲ್ಡಿನಲ್ಲಿ ಯಾವುದಿದೆ ಹೇಳಿ.

ಈಗ ಮಾಮಾನ ವಿಷಯ. ಹೆಸರು ಬೇಡ, ಎಲ್ಲರೂ ಅವರನ್ನ ಮಾಮಾ ಅಂತಲೇ ಕರೀತಿದ್ದದ್ದು. ಅಕ್ಕಲಕೋಟ ಕಡೆಯವರು. ಮಹಾರಾಷ್ಟ್ರದ ತಾಲೂಕು, ಮನೆಮಾತು ಕನ್ನಡ. ಪೈಪಿನ ಮೇಲೆ ಇನ್ಸುಲೇಷನ್ ಹಾಕುವ ಗುತ್ತಿಗೆದಾರರ ಹತ್ತಿರ ಮೇಸ್ತ್ರಿ. ಪ್ಲಾಂಟ್ ಪೂರ್ತಿ ಮರಾಠಿ ಹಿಂದಿ ನಡುವೆ ನಮ್ಮ ಕಡೆಯ ಕನ್ನಡ ಕಿವಿಗೆ ಬಿದ್ದ ಮೇಲೆ ಕೇಳಬೇಕೇ, ಊಟಕ್ಕೆ ಅವರ ಜೊತೆಗೇ ಕೂರ್ತಿದ್ದೆ. ಅವರ ಡಬ್ಬಿಯಲ್ಲಿ ಕಟಿರೊಟ್ಟಿ ಇರ್ತಿತ್ತು, ಆದರೆ ಅದನ್ನ ಮುರಿದು ಬೇಳೆಸಾರಿನಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ತಿನ್ನೋರು. ಖಾರ ಮುಟ್ಟುತ್ತಿರಲಿಲ್ಲ. ನಮ್ಮ ಕಡೆಯ ಮನುಷ್ಯ ಖಾರ ಮುಟ್ಟಲ್ಲ ಅಂದ್ರೆ! ನಾನು ಹೊಟ್ಟೆ ಹುಣ್ಣು ಇರಬೇಕು ಅಂದುಕೊಂಡಿದ್ದೆ.

ಒಂದು ದಿನ ಗೇಟಿನಲ್ಲಿ ನನ್ನ ಲೈಟರ್ ತೆಗೆದಿಡುವಾಗ ಹಿಂದೆ ನಿಂತು ನಗ್ತಿದ್ರು. ಒಳಗೆ ಬಂದಮೇಲೆ ಹೇಳಿದ್ರು, "ನೋಡ್ರಿ ಸರ, ನಿಮ್ಮ ಚಟ ಕಿಸೆದಾಗ ಸಿಗ್ತದ. ನಮ್ಮದು ಗಲ್ಲದಾಗ ಇರ್ತದ. ಯಾರು ತಡವಿ ನೋಡ್ತಾರ?"

ಹದಿನಾರನೇ ವಯಸ್ಸಿಗೆ ತಂಬಾಕು ಸುಣ್ಣ, ಆಮೇಲೆ ಗುಟ್ಕಾ, ಮಹಾರಾಷ್ಟ್ರದಲ್ಲಿ 2012ರಲ್ಲಿ ಗುಟ್ಕಾ ನಿಷೇಧ ಆದಮೇಲೆ ಮಾವಾ, ಅಂದ್ರೆ ಅಡಿಕೆ, ತಂಬಾಕು, ಸುಣ್ಣ ಸೇರಿಸಿ ತಿಕ್ಕಿದ್ದು. ಅದಕ್ಕೂ ನಿಷೇಧ ಇದೆ, ಆದರೂ ಸಿಗುತ್ತೆ. ಗೇಟಿನ ಕಾವಲು ಬೆಂಕಿಗೆ ಮಾತ್ರ, ಬಾಯಿಗಲ್ಲ. ಆದರೆ ಆ ಭಾಗದಲ್ಲಿ ಚಟ ಇರೋದು ಹೆಚ್ಚಾಗಿ ಬಾಯಲ್ಲೇ. 2016-17ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಮಹಾರಾಷ್ಟ್ರದ ವಯಸ್ಕರಲ್ಲಿ ಸೇದುವವರು ನೂರಕ್ಕೆ ನಾಲ್ಕರ ಒಳಗೆ, ಹೊಗೆಯಿಲ್ಲದ ತಂಬಾಕಿನವರು ನೂರಕ್ಕೆ 24. ನಮ್ಮ ಕರ್ನಾಟಕದಲ್ಲಿ ಸೇದುವವರು ನೂರಕ್ಕೆ ಒಂಬತ್ತರ ಆಸುಪಾಸು, ಅಗಿಯುವವರು 16. ಐಟಿಯವರಿಗೆ ತಂಬಾಕು ಅಂದ್ರೆ ಸಿಗರೇಟ್ ಅಂತಲೇ ಕಣ್ಣಿಗೆ ಬರುತ್ತೆ. ಊರಿಗೆ ಹೋದಾಗ ಅಪ್ಪ, ಕಾಕಾ, ಹೊಲದಲ್ಲಿ ಕೆಲಸ ಮಾಡೋರನ್ನ ನೋಡಿ.

ಆ ವರ್ಷ ಪ್ಲಾಂಟಿನಲ್ಲಿ ಎಲ್ಲರಿಗೂ ವೈದ್ಯಕೀಯ ತಪಾಸಣೆ ಆಯಿತು. ಡಾಕ್ಟರು ಮಾಮಾನಿಗೆ ಮೂರು ಬೆರಳು ನೆಟ್ಟಗೆ ಒಂದರ ಮೇಲೊಂದು ಜೋಡಿಸಿ ಬಾಯೊಳಗೆ ಹಾಕಿ ಅಂದರು. ಎರಡೇ ಹೋದವು. ನೀವು ಈಗ ಕೂತಲ್ಲೇ ಮಾಡಿ ನೋಡಿ, ಸಾಮಾನ್ಯವಾಗಿ ಮೂರೂ ಹೋಗಬೇಕು. ಟಾರ್ಚ್ ಹಾಕಿದಾಗ ಎಡಗಡೆ ಕೆನ್ನೆಯ ಒಳಗೆ, ಮಾವಾ ಇಡುವ ಜಾಗದಲ್ಲೇ, ಬಿಳಿ ಮಚ್ಚೆ. ಪುಣೆಗೆ ಹೋಗಿ ಬಯಾಪ್ಸಿ ಮಾಡಿಸಿ ಅಂದರು. ಮಾಮಾ ನನ್ನ ಹತ್ತಿರ ಬಂದ್ರು. "ಸರ, ನೀವು ಜೋಡಿ ಬರ್ರಿ. ಮನ್ಯಾಗ ಹೇಳಿಲ್ಲ. ಆಕಿಗಿ ಗೊತ್ತಾದ್ರ ಊಟಾ ಬಿಡ್ತಾಳ."

ಹೋದೆ. ರಿಪೋರ್ಟ್ ಬರುವವರೆಗಿನ ಎಂಟು ದಿನ ಅವರು ಮಾವಾ ಹೆಚ್ಚು ತಿಂದರು, ಕಡಿಮೆ ಅಲ್ಲ. ಭಯ ಬಂದಾಗ ಚಟ ಬಿಡ್ತಾರೆ ಅಂತ ನಾವು ಅಂದುಕೊಳ್ತೀವಿ. ಭಯ ಬಂದಾಗ ಕೈ ಹೋಗೋದು ಹಳೇ ಜಾಗಕ್ಕೇ. ರಿಪೋರ್ಟ್ ಬಂತು: ಕ್ಯಾನ್ಸರ್ ಅಲ್ಲ. ಆದರೆ ಕೋಶಗಳು ಕೆಡೋಕೆ ಶುರುವಾಗಿವೆ, ಡಿಸ್‌ಪ್ಲೇಸಿಯಾ. ಬಾಯಿ ಬಿಗಿಯಾಗಿರೋದು ಬೇರೆ ರೋಗ, ಸಬ್‌ಮ್ಯೂಕಸ್ ಫೈಬ್ರೋಸಿಸ್, ಅದು ಮುಖ್ಯವಾಗಿ ಅಡಿಕೆಯದ್ದು. ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ. ಪೂರ್ತಿ ಬಿಟ್ಟರೆ ಮಚ್ಚೆ ಸಣ್ಣದಾಗಬಹುದು, ಹೋಗಲೂಬಹುದು. ಬಿಗಿ ಮಾತ್ರ ಪೂರ್ತಿ ಹೋಗಲ್ಲ, ಹೆಚ್ಚಾಗದ ಹಾಗೆ ನೋಡಿಕೊಳ್ಳಬಹುದು. ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು. ಬಿಡದಿದ್ದರೆ? ಅವರು ಉತ್ತರ ಹೇಳಲಿಲ್ಲ, ಪೆನ್ನಿನಿಂದ ರಿಪೋರ್ಟಿನಲ್ಲಿ ಒಂದು ಸಾಲಿನ ಕೆಳಗೆ ಗೆರೆ ಎಳೆದರು.

ಆಗ ನನಗೆ ಇದು ಡಾಕ್ಟರು ಧೈರ್ಯಕ್ಕೆ ಹೇಳೋ ಮಾತು ಅನ್ನಿಸಿತ್ತು. ಆಮೇಲೆ ಓದಿದೆ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ತಂಡ ನಮ್ಮ ಹಳ್ಳಿಗಳ 36,000 ತಂಬಾಕು ಬಳಸುವವರ ಜೊತೆ ಕೆಲಸ ಮಾಡಿ 1986ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿದೆ. ಮನೆಮನೆಗೆ ಹೋಗಿ, ಬಾಯಿ ನೋಡಿ, ಬಿಡಿ ಅಂತ ಹೇಳುವುದು, ಮುಂದಿನ ವರ್ಷ ಮತ್ತೆ ಹೋಗುವುದು. ಬಿಟ್ಟವರ ಸಂಖ್ಯೆ ಹೆಚ್ಚಾಯಿತು, ಹೊಸದಾಗಿ ಬಿಳಿ ಮಚ್ಚೆ ಬರೋದು ಕಡಿಮೆ ಆಯಿತು. ಬಾಯಿಯ ಚರ್ಮ ಬೇಗ ಬೇಗ ಹೊಸದಾಗುತ್ತೆ, ಅವಕಾಶ ಕೊಡಬೇಕು.

ಆ ದಿನ ರಿಪೋರ್ಟ್ ತೆಗೆದುಕೊಂಡು ವಾಪಸ್ ಬರುವಾಗ ದಾರಿಯಲ್ಲಿ ಚಹಾಕ್ಕೆ ಬಸ್ ನಿಲ್ಲಿಸಿದ. ಬಸ್ಸಿನಲ್ಲಿ ಪೂರ್ತಿ ದಾರಿ ನಾನು ಮಾಮಾನಿಗೆ ಬಿಡ್ರಿ ಬಿಡ್ರಿ ಅಂತ ಉಪದೇಶ ಮಾಡಿದ್ದೆ. ಕೆಳಗೆ ಇಳಿದೆ, ಕೈ ತಾನಾಗಿ ಕಿಸೆಗೆ ಹೋಯಿತು, ಹಚ್ಚಿದೆ. ಎರಡು ಜುರುಕಿ ಎಳೆದ ಮೇಲೆ ನೋಡ್ತೀನಿ, ಮಾಮಾ ಎದುರಿಗೇ ನಿಂತಿದ್ದಾರೆ. ಏನಾದರೂ ಅಂದಿದ್ದರೆ ಚೆನ್ನಾಗಿತ್ತು. ಏನೂ ಅನ್ನಲಿಲ್ಲ. ಚಹಾ ಕುಡಿದು, ಲೋಟ ಇಟ್ಟು, ಹೋಗಿ ಬಸ್ಸಿನಲ್ಲಿ ಕೂತರು.

ಆವತ್ತೇ ಬಿಟ್ಟೆ ಅಂತ ಹೇಳಿದರೆ ಕಥೆ ಚೆನ್ನಾಗಿರುತ್ತೆ, ಆದರೆ ಬಿಡಲಿಲ್ಲ. ಮೂರು ವಾರ ಆಯಿತು. 2019ರ ಜನವರಿಯಲ್ಲಿ ಬಿಟ್ಟೆ, ಮಾರ್ಚಿನಲ್ಲಿ ಒಂದು ರಾತ್ರಿ ಕೆಲಸ ಕೈಕೊಟ್ಟಾಗ ಗೆಳೆಯನ ಕೈಯಿಂದ ಒಂದು ಜುರುಕಿ ಎಳೆದೆ, ಮೂರು ವಾರ ದಿನಕ್ಕೆ ಆರರಂತೆ ಮತ್ತೆ ಸೇದಿದೆ. ಏಪ್ರಿಲ್‌ನಲ್ಲಿ ಎರಡನೇ ಸಲ. ಅದು ನಿಂತಿದೆ, ಆರು ವರ್ಷ ದಾಟಿತು. ಹೆಚ್ಚಿನವರಿಗೆ ಮೊದಲ ಸಲಕ್ಕೇ ಆಗಲ್ಲ. ಹಾಗಾಗಿ ಒಂದು ಸಲ ಜಾರಿದವರು "ನನ್ನ ಹಣೆಬರಹ" ಅಂತ ಕೂರಬೇಡಿ.

ಆ ಮೂರು ವಾರ ನನ್ನನ್ನ ತಡೆದಿದ್ದು ಏನು ಅಂತ ಯೋಚಿಸಿದ್ದೀನಿ. ಇದು ನಿಮಗೆಲ್ಲ ಗೊತ್ತಾಗುವ ವಿಷಯ. ಪುಣೆಗೆ ಹೊಸದಾಗಿ ಬಂದಾಗ ಆಫೀಸಿನಲ್ಲಿ ದಿನಪೂರ್ತಿ ಇಂಗ್ಲಿಷು ಹಿಂದಿ. ಕನ್ನಡ ಕೇಳಿಸಿದ್ದು ಕೆಳಗಿನ ಟಪರಿಯಲ್ಲಿ. ನಾಲ್ಕೈದು ಜನ, ಒಬ್ಬ ಹಾಸನದವನು, ಇಬ್ಬರು ಹುಬ್ಬಳ್ಳಿಯವರು, ಒಬ್ಬ ಕುಂದಾಪುರದವನು, ಎಲ್ಲರ ಕೈಯಲ್ಲೂ ಸಿಗರೇಟ್. ಆ ಹತ್ತು ನಿಮಿಷ ಊರಿನ ಸುದ್ದಿ, ಅಪ್ರೈಸಲ್ ಬೈಗುಳ, ರೂಮಿನ ಬಾಡಿಗೆ, ಹೆಣ್ಣು ನೋಡೋಕೆ ಹೋದದ್ದು, ಎಲ್ಲ ಕನ್ನಡದಲ್ಲಿ. ನನಗೆ ಸಿಗರೇಟ್ ಬಿಡೋದು ಅಂದ್ರೆ ಆ ಹತ್ತು ನಿಮಿಷ ಬಿಡೋದು ಅನ್ನಿಸಿತ್ತು. ಬಿಟ್ಟ ಮೊದಲ ವಾರ ಕೆಳಗೆ ಇಳಿಯಲಿಲ್ಲ. ಡೆಸ್ಕಿನಲ್ಲೇ ಕೂತೆ, ತುಂಬಾ ಒಂಟಿ ಅನ್ನಿಸಿತು. ಎರಡನೇ ಸಲ ಬಿಟ್ಟಾಗ ಒಂದೂವರೆ ತಿಂಗಳು ಬಿಟ್ಟು ಟಪರಿಗೆ ವಾಪಸ್ ಹೋದೆ, ಕೈಯಲ್ಲಿ ಚಹಾ, ಇನ್ನೊಂದು ಕೈಯಲ್ಲಿ ಶೇಂಗಾ ಚಿಕ್ಕಿ, ಗಾಳಿ ಬರುವ ಕಡೆ ನಿಂತುಕೊಂಡೆ. ಹಾಸನದವನು "ಲೋ, ನೀನೂ ಒಳ್ಳೆಯವನಾಗಿಬಿಟ್ಯಾ" ಅಂತ ಒಂದು ತಿಂಗಳು ಆಡಿಕೊಂಡ. ಈಗ ಅವನೂ ಸೇದಲ್ಲ. ಗುಂಪು ಹಾಗೇ ಇದೆ. ಕನ್ನಡಕ್ಕೆ ಬೆಂಕಿಪೆಟ್ಟಿಗೆ ಬೇಕಾಗಿರಲಿಲ್ಲ.

ಟೆನ್ಷನ್ ವಿಷಯ ಬಂದೇ ಬರುತ್ತೆ. ರಿಲೀಸ್ ಇದೆ, ಕ್ಲೈಂಟ್ ಬೈತಾನೆ, ಒಂದು ಸುಟ್ಟಾ ಹೊಡೆದರೆ ತಲೆ ಹಗುರ. ಹಗುರ ಆಗುತ್ತೆ, ಸುಳ್ಳಲ್ಲ. ಆದರೆ ಆ ಭಾರದಲ್ಲಿ ಒಂದು ಪಾಲು ಹಿಂದಿನ ಸಿಗರೇಟ್ ಇಳಿದು ಹೋಗಿದ್ದರಿಂದ ಬಂದದ್ದು. ಸಾಲ ಮಾಡಿ ಸಾಲ ತೀರಿಸಿದ ಹಾಗೆ. 2014ರಲ್ಲಿ ಬಿಎಂಜೆ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ 26 ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದರು. ಬಿಟ್ಟವರಲ್ಲಿ ಆತಂಕ, ಖಿನ್ನತೆ, ಒತ್ತಡ ಮೂರೂ ಮುಂದುವರಿಸಿದವರಿಗಿಂತ ಇಳಿದಿದ್ದವು. ಮೊದಲ ಎರಡು ಮೂರು ವಾರ ಅಲ್ಲ, ಆಗ ಏರುತ್ತೆ. ನನ್ನ ಹೆಂಡತಿಯನ್ನ ಕೇಳಿದರೆ ಆ ವಾರಗಳ ಬಗ್ಗೆ ಬೇರೆ ಭಾಷಣ ಸಿಗುತ್ತೆ. (ನಗು)

ಕಷ್ಟಗಳನ್ನೂ ಹೇಳಬೇಕು, ಯಾರೂ ಹೇಳಲ್ಲ. ತೂಕ ಏರುತ್ತೆ. ಒಂದು ವರ್ಷದಲ್ಲಿ ಸರಾಸರಿ ನಾಲ್ಕರಿಂದ ಐದು ಕಿಲೋ ಅಂತಾರೆ, ನನಗೆ ಆರು ಏರಿತು, ಎರಡು ಇನ್ನೂ ಇಳಿದಿಲ್ಲ. ಮಲಬದ್ಧತೆ ಆಗುತ್ತೆ. ಇನ್ನೊಂದು, ಕಾಫಿ. ಸಿಗರೇಟಿನ ಹೊಗೆ ಲಿವರಿನಲ್ಲಿ ಕೆಫೀನ್ ಕರಗಿಸುವ ಕಿಣ್ವವನ್ನ ಚುರುಕು ಮಾಡಿಸಿರುತ್ತೆ. ಬಿಟ್ಟ ಮೇಲೆ ಆ ಚುರುಕು ಹೋಗುತ್ತೆ, ಅದೇ ಕಾಫಿ ಮೈಯಲ್ಲಿ ಹೆಚ್ಚುಕಡಿಮೆ ಎರಡರಷ್ಟು ಹೊತ್ತು ನಿಲ್ಲುತ್ತೆ. ದಿನಕ್ಕೆ ಐದು ಫಿಲ್ಟರ್ ಕಾಫಿ ಕುಡಿಯೋನು ಸಿಗರೇಟ್ ಬಿಟ್ಟು ಕೈ ನಡುಗುತ್ತೆ, ನಿದ್ದೆ ಬರಲ್ಲ ಅಂದ್ರೆ ಅರ್ಧ ತಪ್ಪು ಕಾಫಿಯದ್ದು. ನನಗೆ ಇದು ಗೊತ್ತಾಗೋ ಅಷ್ಟರಲ್ಲಿ ಹದಿನೈದು ರಾತ್ರಿ ಎದ್ದು ಕೂತಿದ್ದೆ. ಬಿಡುವಾಗ ಕಾಫಿಯನ್ನೂ ಅರ್ಧಕ್ಕೆ ಇಳಿಸಿ.

ನಿಕೋಟಿನ್ ಗಮ್ ಎರಡು ತಿಂಗಳು ತಿಂದೆ. ಅದನ್ನ ಚೂಯಿಂಗ್ ಗಮ್ ಥರ ಜಗಿದುಬಿಟ್ಟರೆ ಬಿಕ್ಕಳಿಕೆ, ಎದೆಯುರಿ. ಸ್ವಲ್ಪ ಜಗಿದು, ಖಾರ ಬಂದಕೂಡಲೇ ಕೆನ್ನೆ ಒಳಗೆ ಇಟ್ಟುಕೊಂಡು ಬಿಡಬೇಕು, ಖಾರ ಹೋದಮೇಲೆ ಮತ್ತೆ ಜಗಿಯಬೇಕು. ಅದಕ್ಕೂ ಮೊದಲು ಹದಿನೈದು ನಿಮಿಷ ಚಹಾ ಕಾಫಿ ಕುಡಿಯಬಾರದು, ಹುಳಿ ಇದ್ದರೆ ನಿಕೋಟಿನ್ ಹೀರಿಕೊಳ್ಳಲ್ಲ. ಹೃದಯದ ತೊಂದರೆ ಇದ್ದವರು, ಬಸುರಿಯರು ಡಾಕ್ಟರನ್ನ ಕೇಳಿಯೇ ತೆಗೆದುಕೊಳ್ಳಿ. ಪ್ಯಾಕೆಟ್ ಮೇಲೆ ಒಂದು ನಂಬರ್ ಇರುತ್ತೆ ನೋಡಿ, 1800-11-2356, ರಾಷ್ಟ್ರೀಯ ಕ್ವಿಟ್‌ಲೈನ್, ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರ ಇದೆ, ಕನ್ನಡದಲ್ಲಿ ಮಾತಾಡ್ತಾರೆ. ನಾನು ಪ್ಯಾಕೆಟ್ಟಿನಲ್ಲಿ ಆ ನಂಬರ್ ದಿನಾ ನೋಡ್ತಿದ್ದೆ, ಅದು ಯಾರೋ ನಿಜವಾಗಿ ಎತ್ತುವ ಫೋನು ಅಂತ ಎಂದೂ ಅನ್ನಿಸಿರಲಿಲ್ಲ.

ದೊಡ್ಡ ಲಾಭದ ಲೆಕ್ಕ ಬೇಗ ಹೇಳಿಬಿಡ್ತೀನಿ. ಬ್ರಿಟನ್ನಿನ ವೈದ್ಯರನ್ನೇ ಐವತ್ತು ವರ್ಷ ಗಮನಿಸಿ ರಿಚರ್ಡ್ ಡಾಲ್ ಮತ್ತು ಜೊತೆಯವರು 2004ರಲ್ಲಿ ಬರೆದದ್ದು: ಸಿಗರೇಟ್ ಸೇದುತ್ತಲೇ ಇದ್ದವರು ಸರಾಸರಿ 10 ವರ್ಷ ಮುಂಚೆ ಸತ್ತರು. 60ಕ್ಕೆ ಬಿಟ್ಟವರು 3 ವರ್ಷ ವಾಪಸ್ ಪಡೆದರು, 50ಕ್ಕೆ 6, 40ಕ್ಕೆ 9, 30ಕ್ಕೆ ಬಿಟ್ಟವರು ಹತ್ತಿರ ಹತ್ತಿರ 10. ಇಲ್ಲಿ ಕೂತವರ ವಯಸ್ಸು ನೋಡಿದರೆ ಹೆಚ್ಚಿನವರು ಒಂಬತ್ತು ಹತ್ತರ ಸಾಲಿನಲ್ಲಿದ್ದೀರಿ. ನಮ್ಮ ದೇಶದ ಲೆಕ್ಕವೂ ಇದೆ, 11 ಲಕ್ಷ ಮನೆಗಳ ಸಮೀಕ್ಷೆ, ಪ್ರಭಾತ್ ಝಾ ಅವರ ತಂಡ, 2008. ಬೀಡಿ ಗಂಡಸರ ಆಯುಷ್ಯದಿಂದ ಸುಮಾರು 6 ವರ್ಷ, ಸಿಗರೇಟ್ 10 ವರ್ಷ ತೆಗೆಯುತ್ತೆ. ಬೀಡಿ ಸೇದುವ ಹೆಂಗಸರಿಗೆ 8. "ನಾನು ದಿನಕ್ಕೆ ಒಂದೇ" ಅನ್ನೋರು ಕೈ ಎತ್ತಬೇಡಿ, ನನಗೆ ಗೊತ್ತು ಇದ್ದೀರಿ ಅಂತ. ಹೃದಯಕ್ಕೆ ಈ ಲೆಕ್ಕ ಸಮಪಾಲಿನದ್ದಲ್ಲ. ದಿನಕ್ಕೆ ಇಪ್ಪತ್ತು ಸೇದಿದರೆ ಎಷ್ಟು ಹೆಚ್ಚುವರಿ ಅಪಾಯವೋ ಅದರ ಅರ್ಧದಷ್ಟು ಒಂದೇ ಸಿಗರೇಟಿಗೆ ಬಂದುಬಿಡುತ್ತೆ, 2018ರಲ್ಲಿ 141 ಅಧ್ಯಯನ ಸೇರಿಸಿ ಮಾಡಿದ ಲೆಕ್ಕ. ಅದೇ ಲೆಕ್ಕ ಬಿಟ್ಟವರ ಕಡೆಗೂ ವಾಲುತ್ತೆ. ಒಂದು ವರ್ಷಕ್ಕೆ ಹೃದಯದ ಹೆಚ್ಚುವರಿ ಅಪಾಯ ಅರ್ಧ ಆಗುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಶ್ವಾಸಕೋಶದ ಕ್ಯಾನ್ಸರಿಗೆ ಹತ್ತು ವರ್ಷ ಕಾಯಬೇಕು.

ವಾಸನೆ ವಿಷಯ ಹೇಳ್ತೀನಿ ಅಂದಿದ್ದೆ. ಬಿಟ್ಟು ಎರಡು ತಿಂಗಳಾಗಿತ್ತು, ಕುರಕುಂಭದಲ್ಲಿ ಒಂದು ಪಂಪಿನ ಪಕ್ಕ ಹೋಗ್ತಿದ್ದೆ. ತೆಳ್ಳಗೆ ಪೇಂಟಿನ ಥರ ಸಿಹಿ ವಾಸನೆ, ಟಾಲುಯೀನ್. ನಿಂತೆ. ಜೊತೆಗಿದ್ದವನಿಗೆ ಗೊತ್ತಾಗಲಿಲ್ಲ, ಅವನು ಸೇದುವವನು. ಸೇಫ್ಟಿ ಹುಡುಗನ್ನ ಕರೆಸಿದೆ, ಅದೇ ಮೀಟರ್ ಹಿಡಿದ, ಪಂಪಿನ ಸೀಲ್ ಜಿನುಗುತ್ತಿತ್ತು. ದೊಡ್ಡದೇನಲ್ಲ, ಅರ್ಧ ದಿನದಲ್ಲಿ ಸರಿ ಮಾಡಿದರು. ಆದರೆ ಒಂದೂವರೆ ವರ್ಷದಿಂದ ಅದೇ ದಾರಿಯಲ್ಲಿ ನಡೆದವನು ನಾನು. ಅಲ್ಲಿ ಏನೇನು ಜಿನುಗಿತ್ತೋ, ನನ್ನ ಮೂಗು ಒಂದನ್ನೂ ಹೇಳಿರಲಿಲ್ಲ.

ಮಾಮಾ ನನಗಿಂತ ಮುಂಚೆಯೇ ಬಿಟ್ಟರು. ನಾನು ಬಸ್ಸಿನ ಕೆಳಗೆ ಸೇದಿದ ಆ ವಾರವೇ. ಯಾಕೆ ಅಂತ ಕೇಳಿದ್ದಕ್ಕೆ "ನಿಮ್ಮನ್ನ ನೋಡೇ ಬಿಟ್ಟೀನ್ರಿ ಸರ. ಇಷ್ಟು ಓದಿದ ಮನುಷ್ಯಾನ ಕೈ ಹೆಂಗ ಹೋತು ನೋಡು ಅನ್ನಿಸ್ತು" ಅಂದ್ರು. ಹಾಗೂ ಒಬ್ಬರಿಗೆ ನಾನು ಉಪಯೋಗಕ್ಕೆ ಬಂದೆ. (ನಗು) ಗಲ್ಲದಲ್ಲಿ ಖಾಲಿ ಖಾಲಿ ಅನ್ನಿಸಿದಾಗ ಲವಂಗ ಇಟ್ಟುಕೊಳ್ಳೋರು, ಏಲಕ್ಕಿ ಸಿಪ್ಪೆ ಇಟ್ಟುಕೊಳ್ಳೋರು. ಅಡಿಕೆ ಮಾತ್ರ ಬೇಡ, ಬರೀ ಅಡಿಕೆಯೂ ಬೇಡ ಅಂತ ಡಾಕ್ಟರಮ್ಮ ಖಡಾಖಂಡಿತ ಹೇಳಿದ್ದರು. ದಿನಾ ಬೆಳಗ್ಗೆ ಸಂಜೆ ಐಸ್‌ಕ್ರೀಮ್ ಕಡ್ಡಿಗಳನ್ನ ಒಂದರ ಮೇಲೊಂದು ಹಲ್ಲಿನ ನಡುವೆ ಇಟ್ಟು ಬಾಯಿ ಅಗಲಿಸುವ ವ್ಯಾಯಾಮ. ಒಂಬತ್ತು ತಿಂಗಳಿಗೆ ಮಚ್ಚೆ ಅರ್ಧಕ್ಕಿಂತ ಸಣ್ಣದಾಗಿತ್ತು. ಎರಡು ವರ್ಷಕ್ಕೆ ಡಾಕ್ಟರಮ್ಮ ಟಾರ್ಚ್ ಹಾಕಿ ಹುಡುಕಬೇಕಾಯಿತು. ಬಾಯಿ ಎರಡು ಬೆರಳಿಂದ ಎರಡೂವರೆಗೆ ಬಂತು, ಅಲ್ಲಿಗೇ ನಿಂತಿದೆ. ರೊಟ್ಟಿ ನೆನೆಸದೇ ತಿಂತಾರೆ, ಸ್ವಲ್ಪ ಹೊತ್ತು ಹಿಡಿಯುತ್ತೆ. ಕಳೆದ ಸಲ ಶೇಂಗಾ ಚಟ್ನಿಪುಡಿ ಒಂದು ಚಿಟಿಕೆ ಹಾಕಿಕೊಂಡರು, ಕಣ್ಣಲ್ಲಿ ನೀರು ಬಂತು, ಆದರೂ ಇನ್ನೊಂದು ಚಿಟಿಕೆ ಹಾಕಿಕೊಂಡರು.

ತಪಾಸಣೆ ಈಗ ಆರು ತಿಂಗಳಿಗೊಮ್ಮೆ. ಮುಂದಿನದು ಬರುವ ತಿಂಗಳು. ಮೊನ್ನೆ ಫೋನ್ ಮಾಡಿದ್ರು, "ಸರ, ಈ ಸಲ ನೀವು ರಜಾ ಹಾಕಬ್ಯಾಡ್ರಿ, ಆಕಿನೇ ಬರ್ತಾಳಂತ." ಮನೆಯಲ್ಲಿ ಕೊನೆಗೂ ಹೇಳಿದ್ದಾರೆ. ನಾನು ರಜೆ ಹಾಕಿಯಾಗಿದೆ, ಹೋಗ್ತೀನಿ. ದೌಂಡಿನಲ್ಲಿ ರೈಲು ಇಳೀತಾರೆ, ಅಲ್ಲಿಂದ ಕರೆದುಕೊಂಡು ಹೋಗಬೇಕು.